ಅಜ್ಜಿಯ ಪೆಟ್ಟಿಗೆಯ ಬ್ರೂಚು: ಹಬ್ಬಕ್ಕೆ ಕೊಡುವ ಮೊದಲು ಮಾಡಬೇಕಾದ ಕೆಲಸ

"ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜಿಯ ಬ್ರೂಚು ಸಿಕ್ಕಿದೆ, ಕಪ್ಪಾಗಿದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿ ಮಗಳಿಗೆ ಹಬ್ಬಕ್ಕೆ ಕೊಡಬಹುದೇ?" ಯಾವ ಹಬ್ಬ ಹತ್ತಿರ ಬಂದರೂ ನನಗೆ ಬರುವ ಪ್ರಶ್ನೆ ಇದೇ. ನಮ್ಮ ಕಾಸರಗೋಡಿನ ಪೆರ್ಲದವರು ದೀಪಾವಳಿಗೆ ಎನ್ನುತ್ತಾರೆ, ಬೇಳದವರು ಕ್ರಿಸ್ಮಸ್ಸಿಗೆ ಎನ್ನುತ್ತಾರೆ, ಮುಳ್ಳೇರಿಯದವರು ಬಿಸುವಿಗೆ, ಎಂದರೆ ಸೌರ ಯುಗಾದಿಗೆ ಎನ್ನುತ್ತಾರೆ. ಹಬ್ಬ ಬದಲಾಗುತ್ತದೆ, ಟೂತ್‌ಪೇಸ್ಟ್ ಬದಲಾಗುವುದಿಲ್ಲ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಒಮ್ಮೆ ಬರೆದು ಬಿಡುತ್ತೇನೆ.

ಕೊಡಿ, ಧಾರಾಳವಾಗಿ ಕೊಡಿ. ಟೂತ್‌ಪೇಸ್ಟ್ ಮಾತ್ರ ಬೇಡ. ಅದರಲ್ಲಿರುವ ನುಣುಪು ಪುಡಿ ಹಲ್ಲಿನ ಗಟ್ಟಿ ಮೈಗೆಂದು ಮಾಡಿದ್ದು. ಗಿಲೀಟಿನ ತೆಳು ಪದರಕ್ಕೂ ಮುತ್ತಿಗೂ ಅದು ಉಪ್ಪುಕಾಗದವೇ.

ಬ್ರೂಚು ಎಂದರೆ ಬಟ್ಟೆಗೆ ಚುಚ್ಚಿ ಹಾಕುವ ಒಡವೆ. ಮುಂದೆ ಅಲಂಕಾರ, ಹಿಂದೆ ಸೂಜಿ ಮತ್ತು ಕೊಕ್ಕೆ. ನಮ್ಮ ಕಡೆ ಬಹಳ ಮಂದಿ ಇದನ್ನು ಸೀರೆಪಿನ್ನು ಎಂದೇ ಕರೆಯುತ್ತಾರೆ. ರವಿಕೆ ತೊಟ್ಟು, ಸೀರೆಗೆ ನೆರಿಗೆ ಹಿಡಿದು, ಸೆರಗನ್ನು ಭುಜದ ಮೇಲೆ ಬ್ರೂಚಿನಿಂದ ನಿಲ್ಲಿಸುವ ರೀತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂಗಾಳದ ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿಯವರಿಂದ ಪ್ರಚಾರಕ್ಕೆ ಬಂತು. ಆಮೇಲೆ ದೇಶದ ಉದ್ದಗಲದಲ್ಲಿ ಓದಿದ ಹೆಂಗಸರ, ಅದರಲ್ಲೂ ಶಾಲೆಯ ಟೀಚರುಗಳ ಗುರುತೇ ಅದಾಯಿತು. ಈಗ ಕೇರಳದಲ್ಲಿರುವ ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ದೊಡ್ಡ ಪೇಟೆ ಎಂದರೆ ಆಗ ಮಂಗಳೂರು. ಮುಂಬಯಿಗೆ ದುಡಿಯಲು ಹೋದವರು, ಮುಂದೆ ಕೊಲ್ಲಿ ದೇಶಗಳಿಗೆ ಹೋದವರು ಊರಿಗೆ ಬರುವಾಗ ತಂದ ಪಿನ್ನುಗಳೂ ಇದೇ ಪೆಟ್ಟಿಗೆಗಳನ್ನು ಸೇರಿವೆ. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಬೆಳ್ಳಿಯೂ ಆಗಿರಬಹುದು, ಹಿತ್ತಾಳೆಯೂ ಆಗಿರಬಹುದು, ದುಬೈಯ ಗಾಜಿನ ಹರಳೂ ಆಗಿರಬಹುದು. ಮೂರೂ ಕೊಡಲು ಯೋಗ್ಯವೇ.

ಬೇಕಾಗುವ ಸಾಮಾನು

ಒಂದು ಭೂತಗನ್ನಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಒಂದು ಸಣ್ಣ ಅಯಸ್ಕಾಂತ. ಮಗುವಿನ ಹಲ್ಲುಜ್ಜುವ ಮೆತ್ತಗಿನ ಬ್ರಷ್, ಹೊಸದು. ಹತ್ತಿ, ಬಿಳಿಯ ಹಳೆ ಪಂಚೆಯ ತುಂಡು. ಎರಡು ಅಂಟುವಾಳದ ಕಾಯಿ ಅಥವಾ ಯಾವುದಾದರೂ ಸೌಮ್ಯ ಸಾಬೂನು. ಹಿಡಿಸೂಡಿಯಿಂದ ಎಳೆದ ನಾಲ್ಕು ತೆಂಗಿನ ಕಡ್ಡಿ. ಒಂದು ಪುಸ್ತಕ, ಪೆನ್ನು. ಬೆಳಕಿಗೆ ಮೊಬೈಲಿನ ಟಾರ್ಚು ಸಾಕು. ಕೆಲಸ ಮಾಡುವ ಮೇಜಿನ ಮೇಲೆ ಒಂದು ಟವೆಲ್ ಹಾಸಿ. ಹರಳು ಬಿದ್ದರೆ ಉರುಳಿ ಹೋಗುವುದಿಲ್ಲ.

1. ತೊಳೆಯುವ ಮೊದಲು ಕೇಳಿ

ಸಿಕ್ಕಿದ ಸ್ಥಿತಿಯಲ್ಲೇ ಮುಂದೆ, ಹಿಂದೆ, ಪಕ್ಕ, ಹೀಗೆ ಮೂರು ಫೋಟೊ ತೆಗೆಯಿರಿ. ಆಮೇಲೆ ಮನೆಯ ಹಿರಿಯರ ಮುಂದೆ ಅದನ್ನು ಇಡಿ. "ಇದು ಯಾರದ್ದು?" ಎಂದು ಮಾತ್ರ ಕೇಳಿದರೆ "ಅಮ್ಮನದ್ದು" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಇದನ್ನು ಹಾಕಿಕೊಂಡು ಅಮ್ಮ ಎಲ್ಲಿಗೆ ಹೋಗುತ್ತಿದ್ದರು?" ಎಂದು ಕೇಳಿ. ಆಗ ಮದುವೆ, ಮಧೂರಿನ ಜಾತ್ರೆ, ಶಾಲೆಯ ವಾರ್ಷಿಕೋತ್ಸವ ಎಲ್ಲ ಹೊರಗೆ ಬರುತ್ತದೆ. ಹೇಳಿದ್ದನ್ನು ಅದೇ ಮಾತಿನಲ್ಲಿ ಬರೆದಿಡಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿ, ಹವ್ಯಕದಲ್ಲಿ ಹೇಳಿದರೆ ಹವ್ಯಕದಲ್ಲಿ. ಕೊನೆಗೆ ಇದು ಬೇಕಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಇದೇ ಹೊತ್ತಿಗೆ ಮುಗಿಸಿ: ಇದನ್ನು ಕೊಡುವ ಹಕ್ಕು ನಿಮಗೆ ಇದೆಯೇ? ಅಕ್ಕ, ತಂಗಿ, ಅತ್ತಿಗೆಯರಿಗೆ ತಿಳಿಸದೆ ಕೊಟ್ಟ ಅಜ್ಜಿಯ ಒಡವೆಯಿಂದ ಹಬ್ಬದ ಊಟದ ಎಲೆಯ ಮುಂದೆಯೇ ಮುಖ ಊದಿಸಿಕೊಂಡವರಿದ್ದಾರೆ. ಒಂದು ಫೋನು ಮಾಡಿದರೆ ತಪ್ಪುತ್ತದೆ.

2. ಬೆನ್ನು ನೋಡಿ

ಬ್ರೂಚಿನ ಮುಖ ಸುಳ್ಳು ಹೇಳಬಹುದು. ಹಳೆಯ ನಮೂನೆಯನ್ನು ನೋಡಿ ಇವತ್ತೂ ಅಚ್ಚು ಮಾಡುತ್ತಾರೆ. ಬೆನ್ನು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಪ್ರಾಯ ತಿಳಿಯಬೇಕಾದರೆ ಮಗುಚಿ ಹಾಕಿ.

ಮೊದಲು ಕೊಕ್ಕೆ. ಬಾಗಿಸಿದ ಒಂದು ತಂತಿ, ಇಂಗ್ಲಿಷಿನ ಸಿ ಅಕ್ಷರದ ಹಾಗೆ, ಅದರಡಿಗೆ ಸೂಜಿ ಸುಮ್ಮನೆ ಸಿಕ್ಕಿಸಿಕೊಳ್ಳುತ್ತದೆ, ಬೀಗವೇನೂ ಇಲ್ಲ. ಇದು ಹಳೆಯ ರೀತಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತು ಇಪ್ಪತ್ತನೆಯದರ ಮೊದಲ ವರ್ಷಗಳಲ್ಲಿ ಸಾಮಾನ್ಯ. ಸೂಜಿ ಕೊಕ್ಕೆಯನ್ನು ದಾಟಿ ಬ್ರೂಚಿನ ಅಂಚಿನಿಂದಲೂ ಹೊರಗೆ ಚಾಚಿದ್ದರೆ ಇನ್ನೂ ಹಳೆಯದಿರಬಹುದು. ಬೀಗವಿಲ್ಲದ ಕಾಲದಲ್ಲಿ ಆ ಹೆಚ್ಚಿನ ಉದ್ದವನ್ನು ಮತ್ತೆ ಬಟ್ಟೆಗೇ ಚುಚ್ಚಿ ಭದ್ರ ಮಾಡುತ್ತಿದ್ದರು.

ಸಣ್ಣ ಕೊಳವೆಯೊಂದನ್ನು ಹೊರಗೆ ಎಳೆದರೆ ಸೂಜಿ ಬಿಡುತ್ತದೆ, ಒಳಗೆ ತಳ್ಳಿದರೆ ಹಿಡಿಯುತ್ತದೆ, ಹೀಗಿದ್ದರೆ ಅದು ಯುರೋಪಿನ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಟ್ರಾಂಬೋನ್ ಎಂಬ ತುತ್ತೂರಿಯ ಹಾಗೆ ಹಿಂದೆ ಮುಂದೆ ಸರಿಯುವುದರಿಂದ ಆ ಹೆಸರೇ ಅದಕ್ಕೆ ಬಿದ್ದಿದೆ. ಸಣ್ಣ ಚಕ್ರದಂತೆ ಹೊರಳಿ ಬಾಯಿ ಮುಚ್ಚುವ ಕೊಕ್ಕೆ ಇಪ್ಪತ್ತನೆಯ ಶತಮಾನದ ಆರಂಭದ ನಂತರದ್ದು. ನಾವು ದಿನವೂ ಬಳಸುವ ಸೇಫ್ಟಿಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದದ್ದು 1849ರ ಏಪ್ರಿಲ್ 10ರಂದು. ಆದರೆ ಬ್ರೂಚುಗಳ ಬೆನ್ನಿಗೆ ಸುಭದ್ರ ಕೊಕ್ಕೆ ಸಾಮಾನ್ಯವಾಗಲು ಮತ್ತೂ ಅರ್ಧ ಶತಮಾನ ಹಿಡಿಯಿತು. ಅಷ್ಟು ವರ್ಷ ಎಷ್ಟು ಬ್ರೂಚು ದಾರಿಯಲ್ಲಿ ಬಿದ್ದು ಹೋದವೋ.

ಆಮೇಲೆ ಕೀಲು, ಎಂದರೆ ಸೂಜಿ ತಿರುಗುವ ಜಾಗ. ಅದರ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ನನ್ನಲ್ಲಿ ಎಲೆಯಾಕಾರದ ಒಂದು ಬೆಳ್ಳಿಯ ಬ್ರೂಚು ಇದೆ. ಮುಂದಿನಿಂದ ಎಲೆಯ ನರವೊಂದೊಂದನ್ನೂ ಎಣಿಸಬಹುದು. ಬೆನ್ನಿನಲ್ಲಿ ಕೀಲಿನ ಬುಡಕ್ಕೆ ಬೂದು ಬಣ್ಣದ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಗಡ್ಡೆ, ಅದರ ಸುತ್ತ ಒಣಗಿದ ಜೇನಿನಂಥ ಕಂದು ಕಲೆ. ಯಾರೋ ಒಬ್ಬರು ಒಮ್ಮೆ ಸೂಜಿ ಮುರಿದಾಗ ರೇಡಿಯೋ ರಿಪೇರಿಯ ಸೀಸದ ಬೆಸುಗೆ ಹಾಕಿಸಿದ್ದಾರೆ. ಅಂದರೆ ಕೊಕ್ಕೆ ನೋಡಿ ಹೇಳಿದ ಪ್ರಾಯ ಆ ಕೊಕ್ಕೆಯದ್ದು, ಬ್ರೂಚಿನದ್ದಲ್ಲ. ಕೊಕ್ಕೆ, ಕೀಲು, ಮೈ ಮೂರೂ ಒಂದೇ ಬಣ್ಣ, ಒಂದೇ ಸವಕಲು ಇದ್ದರೆ ಮಾತ್ರ ಬೆನ್ನಿನ ಸಾಕ್ಷ್ಯವನ್ನು ನಂಬಿ. ಸಿ ಕೊಕ್ಕೆಯನ್ನು ಅಗ್ಗದ ನಕಲುಗಳಿಗೆ ಈಗಲೂ ಹಾಕುತ್ತಾರೆ ಎಂಬುದೂ ನೆನಪಿರಲಿ.

ವೃತ್ತದೊಳಗೆ ಸಿ ಅಕ್ಷರ, ಅಂದರೆ ಹಕ್ಕುಸ್ವಾಮ್ಯದ ಗುರುತು, ಅಮೆರಿಕದ ಗಿಲೀಟು ಬ್ರೂಚಿನ ಬೆನ್ನಿನಲ್ಲಿ ಕಂಡರೆ ಅದು ಸಾಮಾನ್ಯವಾಗಿ 1955ರ ನಂತರದ್ದು. ಒಂದೇ ಹರಳಿನಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಏಳು ಬಣ್ಣ ಮಿನುಗಿದರೂ ಹಾಗೆಯೇ ತಿಳಿಯಿರಿ. ಆಸ್ಟ್ರಿಯಾದ ಸ್ವರೋವ್‌ಸ್ಕಿ ಆ ಲೇಪವನ್ನು ಮಾರುಕಟ್ಟೆಗೆ ತಂದದ್ದು 1950ರ ದಶಕದ ಮಧ್ಯದಲ್ಲಿ.

3. ಲೋಹ

ಅಯಸ್ಕಾಂತ ಹಿಡಿಯಿರಿ, ಸೂಜಿಗಲ್ಲ, ಮೈಗೆ. ಸೂಜಿ ಹೆಚ್ಚಾಗಿ ಉಕ್ಕಿನದ್ದೇ ಇರುತ್ತದೆ. ಮೈ ಅಂಟಿದರೆ ಒಳಗೆ ಕಬ್ಬಿಣವಿದೆ. ಅಂಟದಿದ್ದರೆ ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ ಯಾವುದೂ ಇರಬಹುದು. ಅಯಸ್ಕಾಂತ ಅಂಟಲಿಲ್ಲವೆಂದು ಚಿನ್ನವೆಂದು ಕುಣಿಯಬೇಡಿ.

ಅಂಕೆಗಳಿದ್ದರೆ ಓದಿ. 925, 835, 800 ಬೆಳ್ಳಿಯವು, ಸಾವಿರ ಪಾಲಿನಲ್ಲಿ ಅಷ್ಟು ಪಾಲು ಬೆಳ್ಳಿ ಎಂದು ಅರ್ಥ. ಚಿನ್ನಕ್ಕೆ 375 ಅಂದರೆ ಒಂಬತ್ತು ಕ್ಯಾರೆಟ್, 585 ಹದಿನಾಲ್ಕು, 750 ಹದಿನೆಂಟು, 916 ಇಪ್ಪತ್ತೆರಡು. ನಡೆಯುತ್ತಿರುವ ಸಿಂಹದ ಸಣ್ಣ ಮುದ್ರೆ ಇಂಗ್ಲೆಂಡಿನ ಬೆಳ್ಳಿಯ ಗುರುತು. ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರ ಕಂಡರೆ ಅದು ಜರ್ಮನ್ ಸಿಲ್ವರಿನ ಮೇಲೆ ಬೆಳ್ಳಿಯ ಗಿಲೀಟು. ಜರ್ಮನ್ ಸಿಲ್ವರಿನಲ್ಲಿ ಹೆಸರಿಗೆ ಬೆಳ್ಳಿ, ಒಳಗೆ ತಾಮ್ರ, ನಿಕ್ಕಲ್ ಮತ್ತು ಸತು. ಬೆಳ್ಳಿ ಒಂದು ಚೂರೂ ಇಲ್ಲ.

ಗುರುತೇ ಇಲ್ಲದಿದ್ದರೆ ಗಾಬರಿ ಬೇಡ. ಹಳೆಯ ಕಾಲದ ನಮ್ಮ ಅಕ್ಕಸಾಲಿಗರು ಮುದ್ರೆ ಹಾಕುತ್ತಿರಲಿಲ್ಲ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಕಡ್ಡಾಯವಾದದ್ದು ಅಂಗಡಿಯವರು ಮಾರುವ ಚಿನ್ನಕ್ಕೆ. ಮನೆಯ ಪೆಟ್ಟಿಗೆಯಲ್ಲಿರುವ ಒಡವೆಗೆ ಅದರಿಂದ ಬಾಧಕವಿಲ್ಲ. ತಿಳಿಯಲೇಬೇಕೆಂದಿದ್ದರೆ ಪೇಟೆಯ ಅಕ್ಕಸಾಲಿಗರಲ್ಲಿ ಒರೆಗಲ್ಲಿಗೆ ಹಚ್ಚಿಸಿ. ಹಚ್ಚುವುದು ಬೆನ್ನಿನ ಅಂಚನ್ನು, ಮುಖವನ್ನಲ್ಲ, ಇದನ್ನು ನೀವೇ ಮುಂದಾಗಿ ಹೇಳಬೇಕು.

4. ಹರಳು, ಮುತ್ತು, ಹವಳ

ಇಲ್ಲಿ ತಪ್ಪಿದರೆ ತಿದ್ದಲು ಆಗುವುದಿಲ್ಲ. ಆದ್ದರಿಂದ ನಿಧಾನ.

ಗಾಜಿನ ಹೊಳೆಯುವ ಹರಳುಗಳ ಹಿಂದೆ ಕನ್ನಡಿಗಿರುವ ಹಾಗೆ ತೆಳುವಾದ ಲೋಹದ ಲೇಪವಿರುತ್ತದೆ, ಬೆಳಕನ್ನು ಹಿಂದಕ್ಕೆ ಎಸೆಯುವುದು ಅದೇ. ಅದಕ್ಕೆ ನೀರು ತಾಗಿದರೆ ಲೇಪ ಏಳುತ್ತದೆ, ಹರಳು ಸತ್ತ ಮೀನಿನ ಕಣ್ಣಾಗುತ್ತದೆ. ಇದು ಓದಿ ತಿಳಿದ ಮಾತಲ್ಲ. ನವಿಲಿನ ಆಕಾರದ ಒಂದು ಬ್ರೂಚನ್ನು ನಾನೇ ಸಾಬೂನು ನೀರಿನಲ್ಲಿ ಅರ್ಧ ಗಂಟೆ ಬಿಟ್ಟಿದ್ದೆ. ಗರಿಯಲ್ಲಿದ್ದ ಹನ್ನೊಂದು ಕೆಂಪು ಹರಳುಗಳಲ್ಲಿ ಏಳು ಅವತ್ತೇ ಕಪ್ಪಾದವು.

ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿ ನೋಡಿ. ಸಣ್ಣ ಮರಳಿನಂತೆ ಕಿರಿಕಿರಿ ಎಂದರೆ ಚಿಪ್ಪಿನಲ್ಲಿ ಬೆಳೆದದ್ದು, ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್. ಮುತ್ತು, ಹವಳ, ಚಿಪ್ಪು ಮೂರೂ ಒಂದೇ ಸುಣ್ಣದ ಮಕ್ಕಳು. ಹುಳಿ ತಾಗಿದರೆ ಕರಗುತ್ತವೆ. ಹುಣಸೆ, ಲಿಂಬೆ, ವಿನೆಗರ್ ಹತ್ತಿರವೂ ತರಬೇಡಿ.

ಹೆಂಗಸಿನ ಮುಖವನ್ನು ಬಿಳಿಯಲ್ಲಿ ಉಬ್ಬಾಗಿ ಕೆತ್ತಿ, ಹಿನ್ನೆಲೆ ಕಂದಾಗಿರುವ ಬ್ರೂಚಿಗೆ ಕ್ಯಾಮಿಯೊ ಎಂದು ಹೆಸರು. ಇಟಲಿಯ ನೇಪಲ್ಸ್ ಹತ್ತಿರದ ತೊರ್ರೆ ದೆಲ್ ಗ್ರೆಕೊ ಈ ಕೆತ್ತನೆಗೂ ಹವಳಕ್ಕೂ ಪ್ರಸಿದ್ಧ ಊರು. ನಿಜವಾದದ್ದನ್ನು ದೊಡ್ಡ ಶಂಖದ ಚಿಪ್ಪಿನಲ್ಲಿ ಕೆತ್ತುತ್ತಾರೆ. ಹಿಂದಿನಿಂದ ಟಾರ್ಚು ಹಿಡಿದರೆ ಬೆಳಕು ಮಸುಕಾಗಿ ಸೋಸಿ ಬರುತ್ತದೆ, ಬೆನ್ನು ಸ್ವಲ್ಪ ಒಳಬಾಗಿರುತ್ತದೆ. ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಮೂಗು, ತುಟಿ ಎಲ್ಲ ದುಂಡಗೆ, ಕೆತ್ತನೆಯ ಚಾಣದ ಗೆರೆ ಇರುವುದಿಲ್ಲ.

ಕಪ್ಪು ಬ್ರೂಚು ಸಿಕ್ಕಿದರೆ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಗಾಜು ಇರಬಹುದು. ಹಗುರವಾಗಿದ್ದು ಬೆಚ್ಚಗೆ ಅನಿಸಿದರೆ ಜೆಟ್ ಎಂಬ, ಮರ ಹೂತು ಕಲ್ಲಾದ ವಸ್ತು ಇರಬಹುದು. 1861ರ ಡಿಸೆಂಬರಿನಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಬದುಕಿಡೀ ಕಪ್ಪು ಉಟ್ಟಿದ್ದರಿಂದ ಇಂಥ ಶೋಕದ ಒಡವೆ ಇಂಗ್ಲೆಂಡಿನಲ್ಲಿ ಬಹಳ ನಡೆಯಿತು. ಗಾಜಿನ ಕೆಳಗೆ ಹೆಣೆದ ಕೂದಲು ಕಂಡರೆ ಅದೂ ಹೆಚ್ಚಾಗಿ ಅದೇ ಜಾತಿ, ಸತ್ತವರ ಕೂದಲು ಇರಬಹುದು. ಹಬ್ಬದ ಉಡುಗೊರೆಗೆ ಬೇರೆ ನೋಡಿ.

ಪ್ಲಾಸ್ಟಿಕ್ ಹಳೆಯದೋ ಎಂದು ತಿಳಿಯಲು ಕಾದ ಸೂಜಿ ಚುಚ್ಚುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮಾಡಲೇಬೇಡಿ. ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೇಕೆಲೈಟ್ ಎಂಬ ಇನ್ನೊಂದು ಹಳೆಯ ಪ್ಲಾಸ್ಟಿಕ್ ಇರಬಹುದೆಂದು ಅನುಮಾನವಿದ್ದರೆ ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿ. ಪ್ರಯೋಗಶಾಲೆಯ ಫಾರ್ಮಲಿನ್ ವಾಸನೆ ಬಂದರೆ ಬೇಕೆಲೈಟ್.

5. ಕಾನೂನಿನ ಮಾತು, ಚಿಕ್ಕದಾಗಿ

ಬ್ರಿಟಿಷರ ಕಾಲದಲ್ಲಿ ಹುಲಿಯುಗುರಿಗೆ ಚಿನ್ನದ ಕಟ್ಟು ಹಾಕಿ ಬ್ರೂಚು ಮಾಡಿಸುವುದು ದೊಡ್ಡ ಶೋಕಿಯಾಗಿತ್ತು. ಅಂಥದ್ದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಉಡುಗೊರೆಯಾಗಿ ಕೊಡುವ ಯೋಚನೆಯನ್ನೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು. 2023ರಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕಗಳ ಬಗ್ಗೆ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಆನೆದಂತ, ಕಡಲಾಮೆಯ ಚಿಪ್ಪು ಕೂಡ ಇದೇ ಸಾಲಿನವು. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳುವುದು ಒಳ್ಳೆಯದು.

ನೂರು ವರ್ಷ ದಾಟಿದ ಕಲಾವಸ್ತು 1972ರ ಇನ್ನೊಂದು ಕಾಯ್ದೆಯಲ್ಲಿ ಪುರಾವಸ್ತುವಿನ ವ್ಯಾಖ್ಯೆಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಶಾರ್ಜಾದಲ್ಲಿರುವ ಸೊಸೆಗೆ ಮುತ್ತಜ್ಜಿಯ ಬ್ರೂಚನ್ನು ಪಾರ್ಸೆಲ್ ಮಾಡುವ ಮೊದಲು ಇದು ಗೊತ್ತಿರಲಿ. ಅವಳು ರಜೆಗೆ ಬಂದಾಗ ಊರಲ್ಲೇ ಹಾಕಿಕೊಳ್ಳಲಿ.

6. ಶುಚಿ ಮಾಡುವುದು

ಮೊದಲು ಒಣ ಬ್ರಷ್. ಧೂಳು ಮತ್ತು ಹಳೆಯ ಪೌಡರು ಅರ್ಧದಷ್ಟು ಅದರಲ್ಲೇ ಹೋಗುತ್ತದೆ. ಸಂದುಗಳಿಗೆ ತೆಂಗಿನ ಕಡ್ಡಿಯ ತುದಿಯನ್ನು ಕಚ್ಚಿ ಮೆತ್ತಗೆ ಮಾಡಿ, ಒಂದೆಳೆ ಹತ್ತಿ ಸುತ್ತಿ ಬಳಸಿ. ಲೋಹದ ಪಿನ್ನು ತುರುಕಬೇಡಿ. ತೆಂಗಿನ ಕಡ್ಡಿ ಗೀರುವುದಿಲ್ಲ, ಸವೆದರೆ ಮುರಿದು ಬಿಸಾಡಬಹುದು, ಮತ್ತೊಂದು ಹಿಡಿಸೂಡಿಯಲ್ಲೇ ಇದೆ.

ಅಂಟುವಾಳವನ್ನು ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಕಿವುಚಿದರೆ ನೊರೆ ಬರುತ್ತದೆ. ಆ ನೊರೆಯನ್ನು ಮಾತ್ರ ಬ್ರಷ್ಷಿಗೆ ತೆಗೆದುಕೊಳ್ಳಿ, ನೀರನ್ನಲ್ಲ. ಬ್ರೂಚನ್ನು ಮುಖ ಕೆಳಗೆ ಮಾಡಿ ಹಿಡಿದು ಕೆಳಗಿನಿಂದ ಉಜ್ಜಿ, ಆಗ ತೇವ ಹರಳಿನ ಹಿಂದಕ್ಕೆ ಇಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಫ್ಯಾನಿನ ಕೆಳಗೆ ಮಗುಚಿ ಇಡಿ. ಬಿಸಿಲಿಗೆ ಬೇಡ, ಕೂದಲು ಒಣಗಿಸುವ ಯಂತ್ರವೂ ಬೇಡ. ಹಳೆಯ ಅಂಟು ಶಾಖಕ್ಕೆ ಬಿಡುತ್ತದೆ. ಗಿಲೀಟಿನ ಮೇಲೆ ಇಷ್ಟೂ ಮಾಡಬೇಕಿಲ್ಲ, ಒಣ ಪಂಚೆಯ ತುಂಡಿನಿಂದ ಒರೆಸಿದರೆ ಆಯಿತು.

ಹಸಿರು ಕಿಲುಬು ಇದ್ದರೆ ಅದನ್ನು ಬಿಡಬಾರದು, ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಹತ್ತಿಯ ತುದಿಗೆ ಒಂದು ಹನಿ ವಿನೆಗರ್ ಹಾಕಿ ಆ ಕಲೆಗೆ ಮಾತ್ರ ಮುಟ್ಟಿಸಿ, ತಕ್ಷಣ ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ. ಪಕ್ಕದಲ್ಲಿ ಮುತ್ತೋ ಹವಳವೋ ಇದ್ದರೆ ವಿನೆಗರನ್ನೂ ಬಿಟ್ಟು ಒಣ ಕಡ್ಡಿಯಿಂದ ಕೆರೆದು ತೆಗೆಯಿರಿ.

ಬೆಳ್ಳಿಯ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಯೊಡನೆ ಸೇರಿ ಆಗುವ ಪದರ. ಹರಳೇ ಇಲ್ಲದ, ಅಂಟಿಲ್ಲದ, ಪೂರ್ತಿ ಬೆಳ್ಳಿಯ ಬ್ರೂಚಾದರೆ ಗಾಜಿನ ಪಾತ್ರೆಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಬ್ರೂಚಿಟ್ಟು, ಒಂದು ಚಮಚ ಅಡಿಗೆ ಸೋಡ ಉದುರಿಸಿ ಕುದಿನೀರು ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಮ್ಮಿಗೆ ಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಆದರೆ ಕೆತ್ತನೆಯ ಬ್ರೂಚಿಗೆ ನಾನು ಇದನ್ನು ಮಾಡುವುದಿಲ್ಲ. ಎಲೆಯ ನರ ಕಾಣುವುದು ನರಗಳ ನಡುವಿನ ಕಪ್ಪಿನಿಂದ. ಎಲ್ಲ ಬೆಳ್ಳಗಾದರೆ ಎಲೆ ಇಡ್ಲಿಯಂತೆ ಕಾಣುತ್ತದೆ. ಅಂಥದಕ್ಕೆ ಉಬ್ಬಿದ ಜಾಗವನ್ನು ಮಾತ್ರ ಬಟ್ಟೆಯಿಂದ ಉಜ್ಜಿ ಹೊಳೆಯಿಸಿ. ದೇವರ ದೀಪ ಉಜ್ಜಲು ಹಾಕುವ ವಿಭೂತಿ ದೀಪಕ್ಕೇ ಇರಲಿ.

ಎಷ್ಟು ಶುಚಿ ಮಾಡಿದರೆ ಸಾಕು? ಬಿಳಿ ಸೀರೆಗೆ ಚುಚ್ಚಿದರೆ ಕಲೆಯಾಗಬಾರದು, ಅಷ್ಟು ಸಾಕು. ಹೊಸದರಂತೆ ಕಾಣಬೇಕು ಎಂದಿದ್ದರೆ ಹೊಸದನ್ನೇ ಕೊಳ್ಳಿ.

7. ರಿಪೇರಿ

ಸೂಜಿ ಮೊಂಡಾಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ರೇಷ್ಮೆಯ ಎಳೆ ಎಳೆಯುತ್ತದೆ. ಅತಿ ನಯವಾದ ಉಪ್ಪುಕಾಗದದಿಂದ ತುದಿಯ ಕಡೆಗೆ ಮಾತ್ರ ಉಜ್ಜಿ ನುಣುಪು ಮಾಡಿ. ಬಿದ್ದ ಹರಳನ್ನು ಕ್ಷಣದಲ್ಲಿ ಹಿಡಿಯುವ ಅಂಟಿನಿಂದ ಕೂರಿಸಬೇಡಿ, ಅದರ ಆವಿ ಹರಳಿನ ಸುತ್ತ ಬಿಳಿ ಮಂಜು ಕಟ್ಟಿಸುತ್ತದೆ. ಎರಡು ಟ್ಯೂಬು ಬೆರೆಸುವ ಎಪಾಕ್ಸಿಯನ್ನು ಸಾಸಿವೆಯಷ್ಟು ತೆಗೆದು ಕಡ್ಡಿಯ ತುದಿಯಿಂದ ಹಾಕಿ, ಒಂದು ದಿನ ಮುಟ್ಟದೆ ಬಿಡಿ.

ಕೀಲು, ಕೊಕ್ಕೆ ಅಕ್ಕಸಾಲಿಗರ ಕೆಲಸ. ಕೊಡುವಾಗ ಮೂರು ಮಾತು ಬಾಯಿ ಬಿಟ್ಟು ಹೇಳಿ: ಸೀಸದ ಬೆಸುಗೆ ಬೇಡ, ಮುತ್ತು ಹರಳು ಇರುವಾಗ ಬೆಂಕಿ ತಾಗಿಸಬೇಡಿ, ಪಾಲಿಶ್ ಮಾಡಬೇಡಿ. ಮೂರನೆಯದನ್ನು ಎರಡು ಸಲ ಹೇಳಿ. ಅವರ ಮಟ್ಟಿಗೆ ಹೊಳಪು ಬಂದರೇ ಕೆಲಸ ಮುಗಿದಂತೆ, ಹೇಳದಿದ್ದರೆ ಪ್ರೀತಿಯಿಂದಲೇ ಉಜ್ಜಿ ಕೊಡುತ್ತಾರೆ. ಬದಲಾಯಿಸಿದ ಹಳೆಯ ಸೂಜಿಯನ್ನು ಬಿಸಾಡದೆ ವಾಪಸು ಕೇಳಿ ತನ್ನಿ. ದೀಪಾವಳಿಯ ಹಿಂದಿನ ವಾರ ಯಾವ ಅಕ್ಕಸಾಲಿಗರಿಗೂ ನಿಮ್ಮ ಕೊಕ್ಕೆಯನ್ನು ನೋಡಲು ಪುರುಸೊತ್ತು ಇರುವುದಿಲ್ಲ, ಒಂದು ತಿಂಗಳು ಮೊದಲೇ ಕೊಡಿ.

8. ಯಾರಿಗೆ, ಹೇಗೆ

ಹಳೆಯ ಬ್ರೂಚು ಎಲ್ಲರಿಗೂ ಸಲ್ಲುವ ಉಡುಗೊರೆಯಲ್ಲ. ಹಾಕಿಕೊಳ್ಳುವವರಿಗೆ ಕೊಡಿ, ಇಟ್ಟುಕೊಳ್ಳುವವರಿಗಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವುದಾದರೆ ನಿಮ್ಮ ಪೆಟ್ಟಿಗೆ ಏನು ಪಾಪ ಮಾಡಿತ್ತು? ಸೀರೆ ಉಡದ ಮೊಮ್ಮಗಳಾದರೆ ದುಪಟ್ಟಾಕ್ಕೆ, ಬಟ್ಟೆಯ ಚೀಲದ ಪಟ್ಟಿಗೆ ಚುಚ್ಚಬಹುದು. ತಲೆವಸ್ತ್ರಕ್ಕೆ ಪಿನ್ನು ಹಾಕುವ ಗೆಳತಿಗೆ ಹಗುರವಾದ, ಚೂಪು ಅಂಚಿಲ್ಲದ್ದು. ಮೊಮ್ಮಗನಿಗೂ ಆಗುತ್ತದೆ, ಕೋಟಿನ ಕಾಲರಿಗೆ ಹಾಕಲಿ. ನಿಕ್ಕಲ್ಲಿಗೆ ಚರ್ಮ ಕೆಂಪಾಗುವವರಿದ್ದಾರೆ, ಜರ್ಮನ್ ಸಿಲ್ವರಿನದ್ದಾದರೆ ಮೊದಲೇ ಕೇಳಿ.

ನಮ್ಮಲ್ಲಿ ಕೆಲವು ಮನೆಗಳಲ್ಲಿ ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದೆಂಬ ನಂಬಿಕೆ ಇದೆ. ವಾದ ಮಾಡಲು ಹೋಗಬೇಡಿ. ಒಂದು ಕಾಸರಗೋಡು ಸೀರೆಗೋ ರವಿಕೆಯ ಕಣಕ್ಕೋ ಬ್ರೂಚನ್ನು ಚುಚ್ಚಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆಯೊಂದಿಗೆ ಇಟ್ಟು ಕೊಟ್ಟರೆ ನಂಬಿಕೆಯೂ ಉಳಿಯಿತು, ಉಡುಗೊರೆಯೂ ಚೆಂದವಾಯಿತು. ಬಿಸುವಿಗಾದರೆ ಹಿಂದಿನ ರಾತ್ರಿಯೇ ಕಣಿಯ ಉರುಳಿಯಲ್ಲಿ, ಎಂದರೆ ಬೆಳಿಗ್ಗೆ ಎದ್ದ ಕೂಡಲೇ ನೋಡಲೆಂದು ಮಂಗಳ ವಸ್ತುಗಳನ್ನು ಜೋಡಿಸಿಡುವ ಪಾತ್ರೆಯಲ್ಲಿ, ಸೌತೆಕಾಯಿ, ಕನ್ನಡಿ, ಕೊನ್ನೆ ಹೂವಿನ ನಡುವೆ ಇಡಬಹುದು. ಬೆಳಿಗ್ಗೆ ಕಣಿ ಕಂಡ ಮೇಲೆ ಹಿರಿಯರು ಕಿರಿಯರಿಗೆ ಕೊಡುವ ಕೈನೀಟದ ನಾಣ್ಯದ ಜೊತೆಗೆ ಕೊಡಿ. ಹೂವಿನ ತೇವ ತಾಗದ ಹಾಗೆ ಕೆಳಗೆ ಒಂದು ಬಟ್ಟೆ ಇರಲಿ.

9. ಚೀಟಿ ಬರೆಯಿರಿ

ಮೊದಲ ಹಂತದಲ್ಲಿ ಬರೆದಿಟ್ಟದ್ದು ಇಲ್ಲಿಗೆ ಬೇಕು. ಚೀಟಿ ಇಲ್ಲದ ಬ್ರೂಚು ಎರಡು ತಲೆಮಾರು ದಾಟುವಷ್ಟರಲ್ಲಿ ಯಾರದ್ದೋ ಬ್ರೂಚಾಗುತ್ತದೆ. ಒಂದು ಪೋಸ್ಟ್ ಕಾರ್ಡಿನ ಅರ್ಧದಷ್ಟು ಕಾಗದ ಸಾಕು: ಯಾರದ್ದು, ಎಲ್ಲಿಗೆ ಹಾಕಿಕೊಂಡು ಹೋಗುತ್ತಿದ್ದರು, ಯಾವ ಲೋಹ, ಏನು ರಿಪೇರಿ ಮಾಡಿಸಿದ್ದೀರಿ, ಹೇಗೆ ಒರೆಸಬೇಕು, ಕೊಟ್ಟ ತಾರೀಕು. "ಪ್ರೀತಿಯ ನೆನಪಿಗಾಗಿ" ಎಂದು ಬರೆಯುವ ಜಾಗದಲ್ಲಿ "ಅಜ್ಜಿ ಇದನ್ನು ಎಡ ಭುಜಕ್ಕೇ ಹಾಕುತ್ತಿದ್ದರು, ಕೊಕ್ಕೆ ಸ್ವಲ್ಪ ಬಿಗಿ, ಉಗುರು ಹಾಕಬೇಡ" ಎಂದು ಬರೆಯಿರಿ. ಓದಿದವಳಿಗೆ ಅಜ್ಜಿಯ ಭುಜ ಕಾಣುತ್ತದೆ.

ನಮ್ಮ ಊರಿಗೆ ಮಾತ್ರ ಇರುವ ಒಂದು ತೊಡಕು: ಮೊಮ್ಮಗಳು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಅಕ್ಷರಕ್ಕೆ ತಡವರಿಸುವವಳಿರಬಹುದು. ಆದರೂ ಕನ್ನಡದಲ್ಲೇ ಬರೆಯಿರಿ, ಕೆಳಗೆ ಅವಳಿಗೆ ಬರುವ ಲಿಪಿಯಲ್ಲಿ ಅದನ್ನೇ ಇನ್ನೊಮ್ಮೆ ಬರೆಯಿರಿ. ಪೆನ್ಸಿಲ್ಲಾದರೆ ಒಳ್ಳೆಯದು, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.

10. ಕಟ್ಟುವುದು, ಹಾಕುವುದು, ಇಡುವುದು

ಅಡಿಕೆ ಹಾಳೆಯ ಸಣ್ಣ ಬಟ್ಟಲು ಚೆಂದದ ಕರಡಿಗೆಯಾಗುತ್ತದೆ. ಪೂರ್ತಿ ಒಣಗಿದ್ದಿರಲಿ, ಇಲ್ಲವಾದರೆ ಬೂಸು ಹಿಡಿಯುತ್ತದೆ. ಒಳಗೆ ತೊಳೆದ ಪಂಚೆಯ ತುಂಡು. ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಆಷಾಢದ ಮಳೆಗೆ ಕಪಾಟಿನೊಳಗೂ ತೇವ ಬರುವ ಊರು ನಮ್ಮದು. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಡಿ. ಮುತ್ತಿರುವುದಕ್ಕೆ ಮಾತ್ರ ಬೇಡ, ಅತಿ ಒಣಗಿದರೆ ಮುತ್ತು ಬಿರುಕು ಬಿಡಬಹುದು. ಒಂದೇ ಚೀಲದಲ್ಲಿ ಎರಡು ಬ್ರೂಚು ಇಟ್ಟರೆ ಒಂದರ ಸೂಜಿ ಇನ್ನೊಂದರ ಮುಖ ಗೀರುತ್ತದೆ.

ಮನೆಯಲ್ಲಿ ಇಲ್ಲ, ಕೊಂಡೇ ಕೊಡಬೇಕು ಎನ್ನುವವರು ಮಾರುವವರಿಂದ ಬೆನ್ನಿನ ಫೋಟೊ ಕೇಳಿ. ಕಳುಹಿಸಲು ಒಪ್ಪದವರಿಂದ ಕೊಳ್ಳಬೇಡಿ. "ವಿಂಟೇಜ್ ಶೈಲಿ" ಎಂದು ಬರೆದಿದ್ದರೆ ಅದು ಹೊಸದು.

ಕೊಟ್ಟ ಮೇಲೆ ಹಾಕುವ ಕ್ರಮವನ್ನು ಅವಳ ಎದುರೇ ಒಮ್ಮೆ ತೋರಿಸಿ. ಸೆರಗಿನ ನೆರಿಗೆಯನ್ನು ಒಟ್ಟಿಗೆ ಹಿಡಿದು, ಜರಿಯನ್ನು ಬಿಟ್ಟು ಮೈಬಟ್ಟೆಯಲ್ಲಿ ಸೂಜಿ ಇಳಿಸಿ, ರವಿಕೆಯ ಭುಜದ ಹೊಲಿಗೆಯನ್ನೂ ಸೇರಿಸಿ ಮೇಲೆ ತೆಗೆಯಬೇಕು. ಬ್ರೂಚು ಭಾರವಾದರೆ ರವಿಕೆಯ ಒಳಬದಿಗೆ ಎರಡು ಬೆರಳಗಲದ ದಪ್ಪ ಬಟ್ಟೆ ಇಟ್ಟು ಅದರ ಮೂಲಕ ಚುಚ್ಚಿದರೆ ರೇಷ್ಮೆ ಜಗ್ಗುವುದಿಲ್ಲ. ಹಳೆಯ ಸಿ ಕೊಕ್ಕೆಯಾದರೆ ಸೂಜಿಯ ತುದಿಗೆ ಕಿವಿಯೋಲೆಯ ಹಿಂದೆ ಹಾಕುವ ರಬ್ಬರಿನ ಬಿರಡೆ ಸಿಕ್ಕಿಸಿ. ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಬ್ರೂಚು, ಮನೆಗೆ ಬಂದ ಕೂಡಲೇ ಮೊದಲು ತೆಗೆಯುವುದೂ ಬ್ರೂಚು. ತೆಗೆದ ಮೇಲೆ ರಬ್ಬರಿನ ಬಿರಡೆಯನ್ನೂ ಕಳಚಿ ಬೇರೆ ಇಡಲು ಹೇಳಿ.